ಧೈರ್ಯಕ್ಕೆ ಹೊದಿಸಿದ ಶಾಲು

"ಗುರುಗಳೇ, ಒಬ್ಬನು ತಾನಾಗಿಯೇ ಅಪಾಯದೊಳಗೆ ಕಾಲಿಟ್ಟು ಸತ್ತರೆ, ಆ ಸಾವಿಗೆ ಬೇರೆಯವರು ಹೊಣೆಯಾಗುತ್ತಾರೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ಶಿಷ್ಯ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಹೇಳಿದ. ಅವನನ್ನು ಯಾರೂ ತಳ್ಳಿಲ್ಲ, ಯಾರೂ ಬಲವಂತ ಮಾಡಿಲ್ಲ, ಅವನಿಗೆ ಕೆಡುಕು ಬಯಸಿದವರೂ ಅಲ್ಲಿಲ್ಲ. ಅಂಥ ಕಡೆ ತಪ್ಪನ್ನು ಯಾರ ತಲೆಗೆ ಕಟ್ಟುವುದು ನ್ಯಾಯ ಎಂಬುದು ಅವನ ಸಂಶಯ.

ಗುರುಗಳಿಗೆ ಸಿಟ್ಟು ಬಂದಂತೆ ಕಂಡಿತು. ಆದರೆ ಅವರು ದನಿ ಏರಿಸದೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹತ್ತಿಯ ಗೋದಾಮುಗಳು ಬಹಳ ಇದ್ದವು. ಎಲ್ಲದಕ್ಕೂ ಸಿಮೆಂಟ್ ಶೀಟಿನ ಮಾಡು. ಶೀಟುಗಳು ಹಳೆಯವು. ಬಿಸಿಲಿಗೆ ಕಾದು, ಮಳೆಗೆ ನೆನೆದು ಒಳಗೊಳಗೇ ಬಿರಿದಿದ್ದವು. ನೋಡಲು ಕಲ್ಲಿನ ಹಾಗೆ ಗಟ್ಟಿ, ಕಾಲಿಟ್ಟರೆ ಹಪ್ಪಳ. ನಡುನಡುವೆ ಬೆಳಕಿಗಾಗಿ ಹಾಕಿದ ಪಾರದರ್ಶಕ ಶೀಟುಗಳ ಮೇಲೆ ಧೂಳು ಕೂತು, ಅವು ಯಾವುವು, ಉಳಿದವು ಯಾವುವು ಎಂದು ಮೇಲಿಂದ ಗುರುತು ಹತ್ತುತ್ತಿರಲಿಲ್ಲ.

ಆ ಊರಿನಲ್ಲಿ ಯಂಕೋಬ ಎಂಬ ಕೆಲಸಗಾರನಿದ್ದ. ಒಡೆದ ಶೀಟು ತೆಗೆದು ಹೊಸದು ಹೊದಿಸುವುದು ಅವನ ಕಸುಬು. ಹೆಂಡತಿ ದುರುಗಮ್ಮ ಅವನ ಜೊತೆಗೇ ದುಡಿಯುತ್ತಿದ್ದಳು. ದುರುಗಮ್ಮನ ಅಣ್ಣ ಇಂಥದೇ ಒಂದು ಮಾಡಿನಿಂದ ಬಿದ್ದು, ಬೆನ್ನು ಮುರಿದುಕೊಂಡು ಹಾಸಿಗೆಯಲ್ಲೇ ಉಳಿದಿದ್ದ. ಅದನ್ನು ಕಂಡವಳಾದ್ದರಿಂದ ಅವಳು ಗಂಡನನ್ನು ಬರಿಗೈಯಲ್ಲಿ ಮೇಲೆ ಹತ್ತಲು ಬಿಡುತ್ತಿರಲಿಲ್ಲ. ಮೊದಲು ಒಳಗೆ, ಮಾಡಿನ ಕೆಳಗೆ ಬಲೆ ಬಿಗಿಯಬೇಕು. ಆಮೇಲೆ ಶೀಟಿನ ಮೇಲೆ ಉದ್ದಕ್ಕೂ ಹಲಗೆ ಹಾಸಬೇಕು, ಭಾರ ಕೆಳಗಿನ ಕಬ್ಬಿಣದ ತೊಲೆಗಳ ಮೇಲೆ ಬೀಳುವ ಹಾಗೆ. ಗಂಡ ಎದೆಗೂ ತೊಡೆಗೂ ಬೆಲ್ಟು ಸುತ್ತಿಕೊಳ್ಳಬೇಕು. ಆ ಬೆಲ್ಟಿನ ಹಗ್ಗವನ್ನು ಗಟ್ಟಿ ತೊಲೆಗೆ ಕಟ್ಟಿ, ಅವಳೇ ಒಮ್ಮೆ ಜಗ್ಗಿ ನೋಡಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಯಂಕೋಬ ಗೊಣಗುತ್ತಿದ್ದ, ಆದರೆ ಮಾಡುತ್ತಿದ್ದ.

ಗೋದಾಮುಗಳ ಒಡೆಯ ಒಬ್ಬ ಸಾಹುಕಾರ. ಕೆಟ್ಟವನಲ್ಲ. ಕೂಲಿ ತಡೆಹಿಡಿಯುವವನಲ್ಲ, ಹಸಿದವರನ್ನು ಹಾಗೇ ಕಳಿಸುವವನಲ್ಲ. ಅವನಿಗೆ ಧೈರ್ಯವೆಂದರೆ ಇಷ್ಟ. ಗೋದಾಮಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಚಹಾ ತರಿಸಿ, ಹಮಾಲರಿಗೂ ಕೊಟ್ಟು, ಮೇಲೆ ನಡೆಯುವ ಕೆಲಸ ನೋಡುತ್ತ ಕೂರುತ್ತಿದ್ದ. ಒಂದು ದಿನ ದುರುಗಮ್ಮ ಹಗ್ಗ ಕಟ್ಟುವುದನ್ನು ನೋಡಿ, ಕರುವನ್ನು ಕಟ್ಟಿ ಮೇಯಲು ಬಿಡುತ್ತಿದ್ದಾಳೆ ನೋಡಿ ಎಂದ. ಹಮಾಲರು ನಕ್ಕರು. ಯಂಕೋಬನೂ ನಕ್ಕ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಚಹಾದಂಗಡಿಯಲ್ಲಿ ಅವನನ್ನು ಕಂಡರೆ, ಹೆಂಡತಿ ಹಗ್ಗ ಸಡಿಲ ಬಿಟ್ಟಳೇನು ಎಂದು ಕೇಳುವವರು ಹುಟ್ಟಿಕೊಂಡರು. ಸಂತೆಯಲ್ಲಿ ಒಬ್ಬ ಹಗ್ಗ ಇದೆಯೇ ಎಂದು ಅವನ ಸೊಂಟ ಮುಟ್ಟಿ ನೋಡಿದ. ಎಲ್ಲವೂ ತಮಾಷೆಗೆ. ಯಾರ ಮನಸ್ಸಿನಲ್ಲೂ ವಿಷವಿರಲಿಲ್ಲ.

ಯಂಕೋಬ ಮೊದಲು ಬಲೆ ಬಿಟ್ಟ. ಕಟ್ಟಲು ಬಹಳ ಹೊತ್ತಾಗುತ್ತದೆ ಎಂದ. ಕೆಲಸ ಬೇಗ ಮುಗಿಯಿತೆಂದು ಸಾಹುಕಾರ ಎಲ್ಲರೆದುರು ಅವನ ಬೆನ್ನು ತಟ್ಟಿದ. ಆಮೇಲೆ ಹಲಗೆ ಬಿಟ್ಟ. ಒಂದು ಮಧ್ಯಾಹ್ನ ಹಗ್ಗವನ್ನೂ ಬಿಚ್ಚಿ ಕೆಳಗೆ ಎಸೆದು, ಮಾಡಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ತೋರಿಸಿದ. ಅಂಗಳದಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಕೆಳಗೆ ಬಿದ್ದ ಹಗ್ಗವನ್ನು ದುರುಗಮ್ಮ ಸುತ್ತಿ ಎತ್ತಿಕೊಂಡಳು. ಅವಳ ಕಡೆ ಯಾರೂ ನೋಡಲಿಲ್ಲ.

ಮನೆಯಲ್ಲಿ ಜಗಳವಾಯಿತು. ದುರುಗಮ್ಮ ಅಣ್ಣನ ಹೆಸರು ತೆಗೆದಳು. ನಿನ್ನ ಅಣ್ಣನಿಗೆ ನಡೆಯಲು ಬರುತ್ತಿರಲಿಲ್ಲ ಎಂದು ಯಂಕೋಬ ಹೇಳಿದ. ಆ ಮಾತು ಅವಳಿಗೆ ನುಂಗಲಾಗಲಿಲ್ಲ. ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ, ನೀನು ಕೆಳಗೆ ನಿಂತರೆ ನನ್ನ ಮಾನ ಹೋಗುತ್ತದೆ ಎಂದೂ ಅವನು ಹೇಳಿದ. ಅವಳು ಹೋಗಲಿಲ್ಲ. ಬೇರೊಬ್ಬರ ಮೆಣಸಿನಕಾಯಿ ಕಣದಲ್ಲಿ ತೊಟ್ಟು ಮುರಿಯುವ ಕೆಲಸ ಹಿಡಿದಳು.

ಆಯುಧಪೂಜೆಯ ದಿನ ಅವಳು ಸುತ್ತಿಗೆ, ನಟ್ಟು ಬಿಗಿಯುವ ಪಾನಾಗಳ ಜೊತೆ ಬೆಲ್ಟು ಹಗ್ಗಗಳನ್ನೂ ಇಟ್ಟು ಕುಂಕುಮ ಹಚ್ಚಿದಳು. ಯಂಕೋಬ ಉಳಿದ ಸಾಮಾನು ಎತ್ತಿಕೊಂಡು ಅವೆರಡನ್ನೂ ಅಲ್ಲೇ ಬಿಟ್ಟು ಹೋದ. ಆ ದಿನ ಸಾಹುಕಾರ ಗೋದಾಮಿನಲ್ಲಿ ಅವನಿಗೆ ಶಾಲು ಹೊದಿಸಿದ. ಹೆದರಿಕೆ ಎಂಬುದು ಇವನ ಮೈಯಲ್ಲೇ ಇಲ್ಲ ಎಂದ. ಶಾಲು ಹೊದ್ದು ಮನೆಗೆ ಬಂದ ಗಂಡನ ಮುಖದಲ್ಲಿ ದುರುಗಮ್ಮ ಖುಷಿ ಕಂಡಳು. ಅದರ ಹಿಂದೆ ಹೆದರಿಕೆಯೂ ಇತ್ತು. ಅವನು ಅಂದಿನಿಂದ ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹೊಸ್ತಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದ. ಹೆದರಿದ್ದೇನೆ ಎಂದು ಹೇಳಲು ಆ ಊರಿನಲ್ಲಿ ಅವನಿಗೆ ಜಾಗವೇ ಉಳಿದಿರಲಿಲ್ಲ. ಹೆಂಡತಿಯ ಹತ್ತಿರವೂ ಹೇಳಲಿಲ್ಲ.

ಮಳೆಗಾಲ ಹತ್ತಿರವಾದಾಗ ದೊಡ್ಡ ಗೋದಾಮಿನ ಮಾಡು ಬದಲಿಸುವ ಕೆಲಸ ಬಂತು. ಅರ್ಧ ಮುಗಿದಿತ್ತು. ಯಂಕೋಬ ಧೂಳು ಕೂತ ಬೆಳಕಿನ ಶೀಟಿನ ಮೇಲೆ ಕಾಲಿಟ್ಟ. ಮುರಿದ ಸದ್ದು ಕೇಳಿ ಹಮಾಲರು ತಲೆ ಎತ್ತುವಷ್ಟರಲ್ಲಿ ಅವನು ನೆಲದ ಮೇಲಿದ್ದ. ಕೆಳಗೆ ಹತ್ತಿಯನ್ನು ಒತ್ತಿ ಕಟ್ಟಿದ ಅಂಡಿಗೆಗಳಿದ್ದವು. ಅವನು ಬಿದ್ದದ್ದು ಅವುಗಳ ನಡುವಿನ ಗಚ್ಚಿನ ನೆಲದ ಮೇಲೆ.

ಸುದ್ದಿ ಕೇಳಿ ದುರುಗಮ್ಮ ಕಣದಿಂದ ಹಾಗೇ ಎದ್ದು ಬಂದಳು. ಕೈಗೆ ಮೆಣಸಿನಕಾಯಿಯ ಘಾಟು ಹತ್ತಿತ್ತು, ಗಂಡನ ಮುಖ ಮುಟ್ಟಲು ಆಗಲಿಲ್ಲ. ಸುತ್ತ ನಿಂತವರು ಅಳುತ್ತಿದ್ದರು. ಅವಳಿಗೆ ಅಳು ಬರಲಿಲ್ಲ. ಮೊದಲು ಅವಳಿಗೆ ಸಿಟ್ಟು ಬಂದದ್ದು ಸತ್ತವನ ಮೇಲೆ. ಬೆಲ್ಟು ಮನೆಯ ಗೂಟದಲ್ಲಿ ನೇತಾಡುತ್ತಿತ್ತು, ಅದನ್ನು ಬಿಟ್ಟು ಬಂದವನು ಇವನೇ. ಹೆಣ ತೊಳೆಯುವಾಗಲೂ ಆ ಸಿಟ್ಟು ಇಳಿಯಲಿಲ್ಲ. ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ಅವನನ್ನು ಯಾರೂ ಏನೂ ಮಾಡಲಿಲ್ಲವಲ್ಲ, ಅವನಾಗಿಯೇ ಬಿದ್ದ. ಅವಳು ಕೇಳಿಸಿಕೊಂಡಳು.

ಸಾಹುಕಾರ ನಿಜವಾಗಿಯೂ ನೊಂದಿದ್ದ. ಮಣ್ಣು ಮಾಡುವ ಖರ್ಚು ಅವನೇ ನೋಡಿಕೊಂಡ. ದಿನಕರ್ಮ ಕಳೆದ ಮೇಲೆ ಗೋದಾಮಿನ ಅಂಗಳದಲ್ಲಿ ಯಂಕೋಬನ ನೆನಪಿಗೆಂದು ಜನರನ್ನು ಕೂಡಿಸಿದ. ದುರುಗಮ್ಮನನ್ನು ಮುಂದೆ ಕೂರಿಸಿದರು. ಇಂಥ ಎದೆಗಾರ ಮತ್ತೆ ಹುಟ್ಟುವುದಿಲ್ಲ ಎಂದು ಸಾಹುಕಾರ ಹೇಳಿದ. ಆಮೇಲೆ ಅವನು ಯಂಕೋಬನ ತಮ್ಮ ತಿಪ್ಪಣ್ಣನನ್ನು ಕರೆದು ನಿಲ್ಲಿಸಿದ. ಅಣ್ಣ ಬಿಟ್ಟುಹೋದ ಕೆಲಸವನ್ನು ಮಳೆ ಬರುವ ಮೊದಲು ಈ ತಮ್ಮ ಮುಗಿಸುತ್ತಾನೆ, ಇವನ ಮೈಯಲ್ಲೂ ಅದೇ ರಕ್ತ ಹರಿಯುತ್ತಿದೆ ಎಂದು ಹೇಳಿ ಶಾಲು ಹೊದಿಸಿದ. ಜನ ಚಪ್ಪಾಳೆ ತಟ್ಟಿದರು.

ದುರುಗಮ್ಮ ಮೈದುನನ ಮುಖ ನೋಡಿದಳು. ಅವನ ಬಣ್ಣ ಹೋಗಿತ್ತು. ಆದರೆ ಚಪ್ಪಾಳೆ ಏರಿದ ಹಾಗೆ ಅವನ ಎದೆ ಮುಂದೆ ಬಂತು, ಗದ್ದ ಮೇಲಕ್ಕೆದ್ದಿತು. ಈ ಮುಖವನ್ನು ಅವಳು ಹಿಂದೆ ಒಮ್ಮೆ ತನ್ನ ಮನೆಯಲ್ಲೇ ಕಂಡಿದ್ದಳು. ಅಷ್ಟು ದಿನ ಸತ್ತವನ ಮೇಲೆ ನಿಂತಿದ್ದ ಸಿಟ್ಟು ಆಗ ಅಂಗಳದ ಕಡೆ ತಿರುಗಿತು. ಅವಳು ಎದ್ದು ನಿಂತಳು.

"ಸಾಹುಕಾರರೇ, ಹೆದರದೆ ಹತ್ತುವುದು ಇಷ್ಟು ದೊಡ್ಡ ಗುಣವಾದರೆ ಇವತ್ತು ನೀವು ಹತ್ತಿ" ಎಂದಳು. "ನನ್ನ ಗಂಡ ನಡೆದ ಹಾಗೆ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಆಮೇಲೆ ನನ್ನ ಮೈದುನನನ್ನು ಕಳಿಸುತ್ತೇನೆ."

ಯಾರೋ ಹಿರಿಯರು ದುಃಖದಲ್ಲಿ ಆಡಿದ ಮಾತು ಬಿಡಿ ಎಂದರು. ಆದರೆ ಎಲ್ಲರ ಕಣ್ಣು ಸಾಹುಕಾರನ ಮೇಲಿತ್ತು. ಧೈರ್ಯವನ್ನು ಅಷ್ಟು ಹೊಗಳಿದ ಬಾಯಿಂದ ಅವನಿಗೆ ಆಗುವುದಿಲ್ಲ ಎನ್ನಲು ಆಗಲಿಲ್ಲ. ಚಪ್ಪಲಿ ಬಿಟ್ಟ. ಧೋತರ ಎತ್ತಿ ಕಟ್ಟಿದ. ಏಣಿ ಹತ್ತಿದ. ಕೊನೆಯ ಮೆಟ್ಟಿಲಲ್ಲಿ ನಿಂತು ಒಂದು ಕಾಲನ್ನು ಶೀಟಿನ ಮೇಲಿಟ್ಟ. ಶೀಟು ಲಟಕ್ಕೆಂದಿತು. ಅವನು ಕಾಲು ಹಿಂದೆ ತೆಗೆದು, ಎರಡೂ ಕೈಯಲ್ಲಿ ಏಣಿ ಅಪ್ಪಿಕೊಂಡು, ಕೆಳಗೆ ನೋಡಿ, ಯಾರಾದರೂ ಒಂದು ಹಗ್ಗ ತನ್ನಿ ಎಂದ.

ಇಲ್ಲಿಗೆ ಬಂದಾಗ ಶಿಷ್ಯ ಗಟ್ಟಿಯಾಗಿ ನಕ್ಕ. ಗುರುಗಳು ಅವನ ನಗು ಮುಗಿಯುವವರೆಗೆ ಸುಮ್ಮನಿದ್ದು, ಮುಂದುವರಿಸಿದರು.

ಅಂಗಳವೂ ನಕ್ಕಿತು. ಹಮಾಲರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಾಹುಕಾರನ ಮುಖ ಕೆಂಪಾಯಿತು. ಅವನು ಹಲ್ಲು ಕಚ್ಚಿ ಮತ್ತೆ ಕಾಲನ್ನು ಶೀಟಿನ ಕಡೆ ಚಾಚಿದ. ದುರುಗಮ್ಮ ಅದನ್ನು ನೋಡಿದಳು. ಅವಳು ನಗುತ್ತಿರಲಿಲ್ಲ. ಅಲ್ಲೇ ನಿಲ್ಲಿ ಎಂದು ಅವನಿಗೆ ಕೂಗಿ ಹೇಳಿ, ಜನರ ಕಡೆ ತಿರುಗಿದಳು.

"ಬಾಯಿ ಮುಚ್ಚಿ. ನನ್ನ ಗಂಡನನ್ನು ಮೇಲಿನಿಂದ ಕೆಡವಿದ್ದು ಇದೇ ನಗು. ಅವನು ಹಗ್ಗ ಕಟ್ಟಿಕೊಂಡಾಗ ನಕ್ಕಿರಿ, ಬಿಚ್ಚಿ ಎಸೆದಾಗ ಚಪ್ಪಾಳೆ ತಟ್ಟಿದಿರಿ. ಇವರು ಈಗ ಹೆದರಿ ಹಗ್ಗ ಕೇಳಿದ್ದಾರೆ. ಈ ಅಂಗಳದಲ್ಲಿ ಇಷ್ಟು ದಿನಕ್ಕೆ ಒಂದು ಬುದ್ಧಿಯ ಮಾತು ಬಂದಿದೆ. ಅದಕ್ಕೂ ನಕ್ಕರೆ ಇವರೂ ನಾಚಿಕೊಂಡು ಹೆಜ್ಜೆ ಮುಂದಿಟ್ಟು ಬೀಳುತ್ತಾರೆ. ಆಗ ಇವರಿಗೂ ಹಾರ ತರುತ್ತೀರಾ?"

ನಗು ನಿಂತಿತು. ಅವಳು ತಿಪ್ಪಣ್ಣನನ್ನು ಮನೆಗೆ ಓಡಿಸಿದಳು. ಅವನು ಶಾಲನ್ನು ಅಲ್ಲೇ ಬಿಟ್ಟು ಓಡಿ, ಬೆಲ್ಟು ಹಗ್ಗ ತಂದ. ಅಷ್ಟು ಹೊತ್ತೂ ಸಾಹುಕಾರ ಏಣಿ ಅಪ್ಪಿಕೊಂಡೇ ಇದ್ದ. ಹೆದರಿಕೆಗೆ ಇಳಿಯಲೂ ಆಗುತ್ತಿರಲಿಲ್ಲ. ದುರುಗಮ್ಮ ಇನ್ನೊಂದು ಏಣಿ ಇಡಿಸಿ ತಾನೇ ಹತ್ತಿದಳು. ಹಗ್ಗದ ತುದಿಯನ್ನು ಗೋಡೆಯ ಮೇಲಿನ ತೊಲೆಗೆ ಕಟ್ಟಿ ಜಗ್ಗಿ ನೋಡಿದಳು. ಅವನ ಎದೆಗೆ, ತೊಡೆಗೆ ಬೆಲ್ಟು ಸುತ್ತಿ ಬಿಗಿದಳು. ಗಂಡನಿಗೆ ಕಟ್ಟುತ್ತಿದ್ದಷ್ಟೇ ನಿಗಾದಿಂದ ಕಟ್ಟಿದಳು. ಆ ಕೈಗಳಲ್ಲಿ ಕರುಣೆ ಇರಲಿಲ್ಲ. ಇನ್ನು ಇಳಿಯಿರಿ, ಕಾಲು ಜಾರಿದರೂ ಬೀಳುವುದಿಲ್ಲ ಎಂದಳು. ಅವನು ಒಂದೊಂದೇ ಮೆಟ್ಟಿಲು ಹುಡುಕಿಕೊಂಡು ಇಳಿದ.

ನೆಲ ಮುಟ್ಟಿದ ಮೇಲೆ ಸಾಹುಕಾರ ಕೈ ಮುಗಿದ. ತಪ್ಪಾಯಿತು ತಾಯಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಬೆಲ್ಟು ಬಿಚ್ಚಿ ನನ್ನ ಮೈದುನನಿಗೆ ಕೊಡಿ ಎಂದಷ್ಟೇ ಹೇಳಿದಳು.

ಮರುದಿನ ಕೆಲಸ ಶುರುವಾಗಲಿಲ್ಲ. ಬಲೆ ಹಳೆಯದಾಗಿದೆ, ಹೊಸದು ಬರುವವರೆಗೆ ಮಾಡಿನ ಮೇಲೆ ಯಾರೂ ಹೋಗುವುದಿಲ್ಲ ಎಂದು ಅವಳು ಹೇಳಿ ಕಳಿಸಿದಳು. ಸಾಹುಕಾರ ಬಲೆ ತರಿಸಿದ, ಹಲಗೆ ಮಾಡಿಸಿದ. ಅಷ್ಟರಲ್ಲಿ ಮೊದಲ ಮಳೆ ಬಂದು ಒಂದಿಷ್ಟು ಹತ್ತಿ ತೊಯ್ದಿತು. ಅವನು ಅದರ ಮಾತು ಎತ್ತಲಿಲ್ಲ. ಅತ್ತಿಗೆ ಕೆಳಗೆ ನಿಂತು ಹೂಂ ಎಂದ ಮೇಲೇ ತಿಪ್ಪಣ್ಣ ಏಣಿಗೆ ಕಾಲಿಡುತ್ತಿದ್ದ. ದುರುಗಮ್ಮ ಆ ಗೋದಾಮುಗಳ ಮಾಡುಗಳನ್ನೆಲ್ಲ ಒಂದೊಂದಾಗಿ ಬದಲಿಸಿದಳು. ಆದರೆ ಆ ಅಂಗಳದ ಚಹಾ ಒಂದು ದಿನವೂ ಕುಡಿಯಲಿಲ್ಲ. ಮನಸ್ಸು ಹಗುರ ಮಾಡಿಕೋ, ಹಳೆಯದನ್ನು ಮರೆತುಬಿಡು ಎಂದು ಊರಿನವರು ಹೇಳುತ್ತಿದ್ದರು. ಅವಳ ಸಿಟ್ಟು ಆರಲಿಲ್ಲ. ಆರಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನಗೆ ಉತ್ತರ ಸಿಕ್ಕಿತೆಂಬ ಸಮಾಧಾನದಿಂದ, "ಹಾಗಾದರೆ ಆ ಸಾವಿನ ಹೊಣೆ ಸಾಹುಕಾರನದು ಮತ್ತು ಆ ಊರಿನವರದು, ಅಲ್ಲವೇ ಗುರುಗಳೇ?" ಎಂದ.

ಗುರುಗಳು ಕೇಳಿದರು: "ಏಣಿಯ ಮೇಲೆ ನಿಂತವನು ಹಗ್ಗ ಕೇಳಿದಾಗ ನೀನು ಯಾಕೆ ನಕ್ಕೆ?"