ಹೆಸರಿಗೆ ಜಾಗ ಬಿಟ್ಟ ವೀರಗಲ್ಲು

ಹುಲಿಗುಂದದ ದೊರೆ ಕೇತನಾಯಕನಿಗೆ ನೆರೆಯ ಪಾಳೆಯಗಾರನ ಮೇಲೆ ಕಡುಕೋಪ ಬಂದಿತ್ತು. ಆತ ಇವನ ಅರಮನೆಯ ಮುಂದೆ ಕೊಡೆ ಮಡಚದೆ ಹಾದುಹೋಗಿದ್ದ. ಬಿಸಿಲಿತ್ತು ಎಂದು ಆಮೇಲೆ ಹೇಳಿಕಳಿಸಿದ್ದೂ ಉಂಟು. ಆದರೆ ದೊರೆಗಳ ಮಾನ ಬಿಸಿಲು ನೆರಳು ನೋಡುವುದಿಲ್ಲವಲ್ಲ, ಯುದ್ಧವೆಂದೇ ತೀರ್ಮಾನವಾಯಿತು.

ಯುದ್ಧಕ್ಕೆ ಜನ ಬೇಕು. ಡಂಗುರ ಹೊಡೆಸಿದರೆ ಬಂದವರು ಮೂವರು. ಅವರಲ್ಲೊಬ್ಬ ಊಟ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಹೊರಟುಹೋದ.

ಆಗ ದಂಡನಾಯಕ ಮಾಚರಸ ಮೀಸೆ ತಿರುವುತ್ತ ಎದ್ದ. "ಒಂದು ತಿಂಗಳು ಕೊಡಿ ಪ್ರಭು. ಹೊಡೆಯೋದಿಲ್ಲ, ಬಡಿಯೋದಿಲ್ಲ. ಸಾಯೋಕೆ ಸಾವಿರ ಜನ ತಾವಾಗೇ ಓಡಿಬರ್ತಾರೆ."

ಅವನು ಮಾಡಿದ್ದಿಷ್ಟೆ. ಕಲ್ಲುಕುಟಿಗ ಬಮ್ಮೋಜನಿಂದ ಊರಿಗೊಂದು ವೀರಗಲ್ಲು ಕೆತ್ತಿಸಿದ. ವೀರ ಸತ್ತ ಮೇಲೆ ನಿಲ್ಲಿಸುವ ಕಲ್ಲನ್ನು ಈತ ಮೊದಲೇ ನಿಲ್ಲಿಸಿದ. ಕೆಳಗೆ ವೀರ ಕಾದಾಡುತ್ತಾನೆ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಶಿವನ ಪಕ್ಕದಲ್ಲಿ ಕೂತಿದ್ದಾನೆ. ಅಡಿಯಲ್ಲಿ ಹೆಸರುಗಳಿಗೆಂದು ಅಗಲವಾದ ಖಾಲಿ ಜಾಗ. ಡಂಗುರದ ಕರಿಯಣ್ಣ ಒಂದೊಂದನ್ನೇ ಕೋಲಿನಿಂದ ತೋರಿಸಿ, ಕಡೆಗೆ ಆ ಖಾಲಿ ಜಾಗದ ಮೇಲೆ ಕೋಲಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದ. ಅಷ್ಟೇ ಸಾಕಾಗುತ್ತಿತ್ತು, ಹುಡುಗರು ದಂಡಿಗೆ ಹೆಸರು ಕೊಡಲು ಮುಗಿಬೀಳುತ್ತಿದ್ದರು.

ದೊರೆಯನ್ನು ನಗಿಸುವ ಕೆಲಸದ ಸೋವಣ್ಣ ಇದನ್ನೆಲ್ಲ ದೂರದಿಂದ ನೋಡಿ ತಾನೇ ನಗುತ್ತಿದ್ದ. ಒಂದು ಬೆಳಗ್ಗೆ ಬಮ್ಮೋಜ ಅವನ ಮನೆ ಬಾಗಿಲಿಗೆ ಬಂದ.

"ನನ್ನ ಮಗ ಚೌಡೋಜನೂ ದಂಡಿಗೆ ಸೇರಿಬಿಟ್ಟ ಬುದ್ಧಿ. ನನ್ನ ಉಳಿ ತಗೊಂಡು ತನ್ನ ಹೆಸರು ತಾನೇ ಕೆತ್ತಿಕೊಂಡ."

ಕಲ್ಲು ಕೆತ್ತಿದ್ದು ಅಪ್ಪನೇ ಎಂದು ಅವನಿಗೆ ಗೊತ್ತಿಲ್ಲವೇ ಎಂದು ಸೋವಣ್ಣ ಕೇಳಿದ.

"ಗೊತ್ತು. ನಾನೆಲ್ಲಿ ಅಪ್ಸರೆ ನೋಡಿದೀನಿ? ಮಜ್ಜಿಗೆ ಮಾರೋ ಹೊನ್ನಮ್ಮನ ಮುಖಾನೇ ಕೆತ್ತಿದೆ. ದಿನಾ ಅವಳ ಹತ್ತಿರ ಮಜ್ಜಿಗೆ ಕುಡಿಯೋನು, ಕಲ್ಲಲ್ಲಿ ನೋಡಿದ್ದೇ ನಂಬಿಬಿಟ್ಟ. ನನಗಿರೋನು ಅವನೊಬ್ಬನೇ."

ಸೋವಣ್ಣನಿಗೆ ಈ ಸಲ ನಗು ಬರಲಿಲ್ಲ. ಇನ್ನೂ ಒಂದು ಕಲ್ಲು ಕೆತ್ತು, ಎಲ್ಲಕ್ಕಿಂತ ದೊಡ್ಡದು ಎಂದು ಹೇಳಿ, ಯಾರದೆಂಬುದನ್ನು ಅವನ ಕಿವಿಯಲ್ಲಿ ಉಸುರಿದ.

ತಿಂಗಳು ತುಂಬಿದ ದಿನ ಅರಮನೆಯ ಅಂಗಳದಲ್ಲಿ ಎಂಟುನೂರು ಜನ ನಿಂತಿದ್ದರು. ಇನ್ನೂರು ಕಡಿಮೆ ಬಿತ್ತಲ್ಲ ಎಂದು ದೊರೆ ಗೊಣಗಿದ.

"ಜನ ಒಂದೇ ಮಾತು ಕೇಳ್ತಿದಾರೆ ಪ್ರಭು," ಎಂದ ಸೋವಣ್ಣ. "ದಂಡನಾಯಕರ ಕಲ್ಲು ಎಲ್ಲಿ ಅಂತ. ಅದನ್ನೊಂದು ನಿಲ್ಲಿಸಿದರೆ ಮಿಕ್ಕವರು ಸಂಜೆಯೊಳಗೆ ಬರ್ತಾರೆ. ನಾನೇ ಮಾಡಿಸಿ ತಂದಿದೀನಿ."

ಎತ್ತಿನ ಗಾಡಿ ಒಳಗೆ ಬಂತು. ಕಲ್ಲಿನಲ್ಲಿ ಮೀಸೆ ಸಮೇತ ಮಾಚರಸ. ಬೇರೆ ಕಲ್ಲುಗಳಲ್ಲಿ ಅಪ್ಸರೆಯರು ಇಬ್ಬರಿದ್ದರೆ ಇಲ್ಲಿ ನಾಲ್ವರು, ದಂಡನಾಯಕನ ಮೈಭಾರ ನೋಡಿ ಬಮ್ಮೋಜ ಸೇರಿಸಿದ್ದ. ಅಡಿಯಲ್ಲಿ ಖಾಲಿ ಜಾಗವಿರಲಿಲ್ಲ. ಮಾಚರಸನು ಮೊದಲ ದಿನವೇ ಮೊದಲ ಸಾಲಿನಲ್ಲಿ ಕಾದಿ ಮಡಿದನು ಎಂದು ಬರೆದಿತ್ತು.

ಮಾಚರಸನ ಮುಖ ಬಿಳಿಚಿಕೊಂಡಿತು. "ನಾನು ಇನ್ನೂ ಬದುಕಿದೀನಿ."

ಸೋವಣ್ಣ ಅಂಗಳದ ಕಡೆ ಕೈ ತೋರಿದ. "ಅವರೂ ಬದುಕಿದಾರೆ ದಂಡನಾಯಕರೇ."

ದೊರೆಗೆ ಕಲ್ಲು ಬಹಳ ಹಿಡಿಸಿತು. ಹಾಗಾದರೆ ನಾಳೆ ಮೊದಲ ಸಾಲಿನಲ್ಲಿ ನೀನೇ ಎಂದುಬಿಟ್ಟ. ಮಾಚರಸ ಸೊಂಟನೋವು ಎಂದ. ಕೋಟೆ ಕಾಯುವವರು ಯಾರು ಎಂದ. ಹೆಂಡತಿ ಬಿಡುವುದಿಲ್ಲ ಎಂದ. ದೊರೆ ಯಾವುದಕ್ಕೂ ಜಗ್ಗದಿದ್ದಾಗ ಒಳಗಿನ ಮಾತು ಹೊರಬಿತ್ತು.

"ಒಂದು ಕೊಡೆ ಮಡಚಲಿಲ್ಲ ಅಂತ ಯಾರಾದರೂ ಪ್ರಾಣ ಕೊಡ್ತಾರಾ ಪ್ರಭು?"

ಎಂಟುನೂರು ಜನರಿಗೂ ಅದು ಕೇಳಿಸಿತು. ಸೋವಣ್ಣ ಕರಿಯಣ್ಣನ ಕಡೆ ತಿರುಗಿದ.

"ಇದನ್ನೂ ಊರೂರಲ್ಲಿ ಸಾರಿ ಬಾ. ದಂಡನಾಯಕರ ಮಾತು, ಒಂದಕ್ಷರವೂ ಬದಲಾಗಬಾರದು."

ದೊರೆ ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ಕಲ್ಲಿನ ಮೀಸೆಯನ್ನೂ ಮಾಚರಸನ ಮೀಸೆಯನ್ನೂ ಒಟ್ಟಿಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕರಿಯಣ್ಣ ಡಂಗುರ ಹೆಗಲಿಗೇರಿಸುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು. ಚೌಡೋಜ ಉಳಿ ಹಿಡಿದು ತನ್ನ ಹೆಸರು ಕೆರೆದು ಅಳಿಸಲು ಹೋದ, ಬಮ್ಮೋಜ ಅವನ ಹಿಂದೆಯೇ ಕಣ್ಣೊರೆಸಿಕೊಳ್ಳುತ್ತ ನಡೆದ.

ದೊರೆ ತನ್ನ ಕೊಡೆಯನ್ನೇ ಸೋವಣ್ಣನಿಗೆ ಉಡುಗೊರೆ ಕೊಟ್ಟ. ಮಾರನೆಯ ದಿನ ಸೋವಣ್ಣ ಅದನ್ನು ಹಿಡಿದು ಅರಮನೆಯ ಮುಂದೆಯೇ ಹಾದುಹೋದ. ಮಡಚಲಿಲ್ಲ. ಬಿಸಿಲಿತ್ತು.