ಹಣಿಗೆಯಲ್ಲಿ ಉಳಿದ ಒಂದು ಮೊಳ ನೂಲು

"ಹೊಸದು ಬರುವುದು ಖಚಿತವಾದ ಮೇಲೂ ಹಳೆಯದನ್ನು ಯಾಕೆ ಸಾಕಬೇಕು, ಬುದ್ಧಿ?" ಎಂದು ಹಾಲಪ್ಪ ಮೇಷ್ಟ್ರು ಕೇಳಿದರು.

ಬಾಳೆಹಣ್ಣು ಸುಲಿಯುತ್ತಿದ್ದ ಮರುಳಯ್ಯನವರು ತಲೆಯೆತ್ತಿದರು. "ಇದು ವೇದಾಂತದ ಪ್ರಶ್ನೆಯೋ, ಮಂಡಿಯ ಪ್ರಶ್ನೆಯೋ?"

"ಮಂಡಿಯದೇ," ಎಂದು ಮೇಷ್ಟ್ರು ಒಪ್ಪಿಕೊಂಡರು.

ಹಾಲಪ್ಪನವರು ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಮರುಳಯ್ಯನವರು ಈ ಚಿಕ್ಕ ಮಠಕ್ಕೆ ಗುರುಗಳಾಗಿ ಬಂದಂದಿನಿಂದ ಎಂಟು ವರ್ಷ ಇಬ್ಬರೂ ದಿನಾ ಬೆಳಿಗ್ಗೆ ಒಟ್ಟಿಗೆ ಕೆರೆ ಸುತ್ತುತ್ತಿದ್ದರು. ಮೇಷ್ಟ್ರ ಬಲ ಮಂಡಿ ಸವೆದು, ಹೋದ ವರ್ಷದಿಂದ ಗುರುಗಳು ಒಬ್ಬರೇ ಸುತ್ತುತ್ತಿದ್ದರು. ಮಂಡಿ ಬದಲಿಸುವುದೆಂದು ತೀರ್ಮಾನವಾಗಿ, ಆಪರೇಷನ್ನಿಗೆ ಇನ್ನು ಏಳು ವಾರ ಉಳಿದಿತ್ತು. ಅಲ್ಲಿಯವರೆಗೆ ಮಾಡಬೇಕಾದ ವ್ಯಾಯಾಮಗಳನ್ನು ಆಸ್ಪತ್ರೆಯವರು ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ಕೊಟ್ಟು ಎಂಟು ದಿನವಾಗಿತ್ತು. ಕಾಗದ ಜೇಬಿನಲ್ಲಿ ಮಡಿಸಿದಂತೆಯೇ ಇತ್ತು.

"ಕತ್ತರಿಸಿ ಬಿಸಾಡೋ ಮಂಡಿ ಅದು, ಬುದ್ಧಿ. ಅದಕ್ಕೆ ಎರಡು ಹೊತ್ತು ಕಸರತ್ತು ಮಾಡಿಸು ಅಂತಾರೆ. ನೋವು ಬೇರೆ. ಹೊಸದು ಹಾಕಿದ ಮೇಲೆ ಅದೇ ನಡೆಸಿಕೊಂಡು ಹೋಗುತ್ತಲ್ಲ? ಅಲ್ಲಿವರೆಗೆ ಕಾಲು ಚಾಚಿ ಕೂತು ಜಪ ಮಾಡ್ತೀನಿ. ಮತ್ತೆ ನಿಮ್ಮ ಜೊತೆ ಕೆರೆ ಸುತ್ತಬೇಕು. ನನಗಿರೋದು ಅದೊಂದೇ ಆಸೆ."

"ಊರಿನ ಮಕ್ಕಳನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ಕಸರತ್ತು ಮಾಡಿಸಿದವರು ನೀವು. ನಿಮ್ಮ ಸರದಿ ಬಂದಾಗ ಜಪ ನೆನಪಾಯಿತೆ?" ಮರುಳಯ್ಯನವರು ಅರ್ಧ ಹಣ್ಣನ್ನು ಮೇಷ್ಟ್ರ ಕೈಗಿತ್ತರು. "ತಿನ್ನಿ. ತಿನ್ನುತ್ತ ಒಂದು ಕತೆ ಕೇಳಿ."

ಅವರು ಹೇಳಿದ ಕತೆ ಇದು.

ಬಡಗಲ ಸೀಮೆಯ ಒಂದು ಊರಿನಲ್ಲಿ ಒಬ್ಬ ನೇಯುವ ಹೆಂಗಸು ಇದ್ದಳು. ನಾನು ಇಲ್ಲಿಗೆ ಬರುವ ಮೊದಲು ಆ ಊರಿನ ಮಠದಲ್ಲಿದ್ದೆ. ಅವಳ ಮಗ್ಗದ ಸದ್ದು ನಮ್ಮ ಪೂಜೆಯ ಕೋಣೆಗೆ ಕೇಳುತ್ತಿತ್ತು.

ಅವಳದು ಗುಂಡಿಮಗ್ಗ. ನೆಲದಲ್ಲಿ ಒಂದು ಗುಂಡಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ತುಳಿಮಣೆ ತುಳಿಯುತ್ತ ನೇಯಬೇಕು. ಮದುವೆಯಾಗಿ ಬಂದ ವರ್ಷ ಆ ಗುಂಡಿಗೆ ಕಾಲು ಇಳಿಬಿಟ್ಟವಳು ಅರವತ್ತೆರಡರಲ್ಲೂ ಅಲ್ಲೇ ಕೂರುತ್ತಿದ್ದಳು. ಗಂಡ ನೂಲು ಸುತ್ತುತ್ತಿದ್ದ, ಹೊರಗಿನ ಓಡಾಟ ನೋಡುತ್ತಿದ್ದ. ಅವಳೊಡನೆ ಮಾತಾಡಬೇಕಾದರೆ ಊರಿನ ದೊಡ್ಡವರೂ ಸೊಂಟ ಬಗ್ಗಿಸಬೇಕಾಗಿತ್ತು. ಅದು ಅವಳಿಗೆ ಬಹಳ ಇಷ್ಟ.

ಅವಳ ಬಲ ಮಂಡಿ ಸವೆದುಹೋಯಿತು. ಬದಲಿಸೋಣ ಎಂದು ವೈದ್ಯರು ಎರಡು ತಿಂಗಳಾಚೆಗೆ ದಿನ ಕೊಟ್ಟರು. ಅಷ್ಟರಲ್ಲಿ ತೊಡೆ ಗಟ್ಟಿ ಮಾಡಿಕೋ, ತೂಕ ಇಳಿಸು, ಸಕ್ಕರೆಯ ಕಾಯಿಲೆಯನ್ನು ಹತೋಟಿಗೆ ತಾ ಎಂದರು. ಕಾಲನ್ನು ಎತ್ತುವುದು ಇಳಿಸುವುದು ಹೇಗೆಂದು ತೋರಿಸಿಕೊಟ್ಟರು.

"ಹೋಗೂ ಮೊಣಕಾಲಿಗ್ಯಾಕ್ರಿ ಇಷ್ಟು ಸೇವಾ?" ಎಂದಳು ಆಕೆ. ನಿಮ್ಮನ್ನು ಕೇಳಿ ಹೇಳಿದ್ದಲ್ಲ, ಮೇಷ್ಟ್ರೇ. ಅವಳಿಗೆ ತಾನಾಗಿಯೇ ಹೊಳೆದದ್ದು.

ಕೈಯಲ್ಲಿದ್ದ ಸೀರೆ ಮುಗಿಸಿ ಮಗ್ಗದಿಂದ ಇಳಿಸಿದಳು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಬಾಚಣಿಗೆಯಂಥ ಹಣಿಗೆಯಲ್ಲಿ, ಯಾವಾಗಲೂ ಬಿಡುವಂತೆ, ಒಂದು ಮೊಳ ನೂಲನ್ನು ಬಿಟ್ಟಳು. ಹೋಗಿ ಮಂಚದ ಮೇಲೆ ಮಲಗಿದಳು.

ನೋಡಿಕೊಳ್ಳಲು ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆಯಿಂದ ಬಂದರು. ತಾಯಿಯ ಮೇಲೆ ಪ್ರಾಣ ಅವರಿಗೆ. ಆದರೆ ಮಲಗಿದವರನ್ನು ನೋಡಿಕೊಳ್ಳುವುದಕ್ಕೆ ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ, ಬಾಣಂತನ. ಮಂಡಿಗೆ ಉಣ್ಣೆ ಸುತ್ತಿದರು. ಮಂಚಕ್ಕೇ ನೀರು, ಮಂಚಕ್ಕೇ ಊಟ. ತುಪ್ಪ ಸುರಿದು ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಟ್ಟರು. ಅವ್ವ ಕಾಲು ಕೆಳಗಿಟ್ಟರೆ ಇಬ್ಬರೂ ಕೂಗುತ್ತಿದ್ದರು. ಎರಡು ತಿಂಗಳಲ್ಲಿ ತೂಕ ಆರು ಕಿಲೋ ಏರಿತು, ಸಕ್ಕರೆಯೂ ಏರಿತು. ಆಪರೇಷನ್ನು ಮೂರು ವಾರ ಮುಂದಕ್ಕೆ ಹೋಯಿತು. ಆ ಮೂರು ವಾರವೂ ಬಾಣಂತನ ಮುಂದುವರಿಯಿತು. ಉಂಡಿ ಮಾತ್ರ ನಿಂತಿತು.

ಆಪರೇಷನ್ನು ಚೆನ್ನಾಗಿ ಆಯಿತು. ವೈದ್ಯರ ಕೆಲಸದಲ್ಲಿ ಒಂದು ಎಳ್ಳಿನಷ್ಟೂ ಊನವಿರಲಿಲ್ಲ. ಮರುದಿನ ನರ್ಸು ಬಂದು, "ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಿ" ಅಂದಳು. ಆಕೆ ಕಾಲನ್ನು ನೋಡಿದಳು. ಕಾಲು ಏಳಲಿಲ್ಲ. ಹಲ್ಲು ಕಚ್ಚಿದಳು, ಆದರೂ ಏಳಲಿಲ್ಲ. ಪಕ್ಕದ ಹಾಸಿಗೆಯವಳಿಗೂ ಅದೇ ದಿನ ಆಪರೇಷನ್ನು ಆಗಿತ್ತು. ಅವಳು ವಾಕರು ಹಿಡಿದು ಬಾಗಿಲವರೆಗೆ ಹೋಗಿ ಬಂದಳು. ಅವಳಿಗೆ ಒಳ್ಳೆಯ ಮಂಡಿ ಹಾಕಿದ್ದಾರೆ, ನನಗೆ ಉಳಿದದ್ದನ್ನು ಹಾಕಿದ್ದಾರೆ ಎಂದು ನಮ್ಮವಳು ಮನಸ್ಸಿನಲ್ಲಿ ಬೈದುಕೊಂಡಳು.

ಮನೆಗೆ ಬಂದಳು. ಕಾಲು ಮಡಿಸಲು ಹೋದರೆ ಜೀವ ಹೋಗುವ ನೋವು. ಅವಳು ನರಳಿದರೆ ಹೆಣ್ಣುಮಕ್ಕಳು ಅಳುತ್ತಿದ್ದರು, "ಸಾಕು ಬಿಡಽ ಯವ್ವಾ" ಎನ್ನುತ್ತಿದ್ದರು. ಅವಳೂ ಬಿಡುತ್ತಿದ್ದಳು. ಮಗ್ಗದಲ್ಲಿ ಕೂರಬೇಕಾದರೆ ಕಾಲು ಕುರ್ಚಿಯಲ್ಲಿ ಕೂತಷ್ಟಾದರೂ ಮಡಿಸಬೇಕು. ಅವಳದು ಅದರ ಅರ್ಧಕ್ಕೆ ನಿಂತಿತು. ಈಗಲೇ ಮಡಿಸದಿದ್ದರೆ ಹೀಗೆಯೇ ಬಿಗಿದುಕೊಳ್ಳುತ್ತದೆ, ಆಮೇಲೆ ಕಷ್ಟ ಎಂದು ವೈದ್ಯರು ಎಚ್ಚರಿಸಿದರು.

ಐದನೆಯ ವಾರ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿ ಗಂಡನಿಗೆ ಹೇಳಿದಳು. "ಗುಂಡಿ ಮುಚ್ಚಿಬಿಡ್ರಿ. ಮ್ಯಾಲ ಫರಸಿ ಕಲ್ಲು ಹಾಕಸ್ರಿ. ನಾ ಇನ್ನ ಇಳಿಯಂಗಿಲ್ಲ."

ಗಂಡ ಎದುರು ಮಾತಾಡುವವನಲ್ಲ. ಮರುದಿನ ಬೆಳಿಗ್ಗೆ ಎರಡು ಬುಟ್ಟಿ ಮಣ್ಣು ತಂದು ಬಾಗಿಲಲ್ಲಿಟ್ಟ. ಮುಚ್ಚುವ ಮೊದಲು ಮಗ್ಗ ಬಿಚ್ಚಬೇಕು. ಹಣಿಗೆಯಲ್ಲಿ ಆ ಒಂದು ಮೊಳ ನೂಲು ಧೂಳು ಹಿಡಿದು ಜೋತಾಡುತ್ತಿತ್ತು. ಕತ್ತರಿ ತೆಗೆದುಕೊಂಡ.

"ಏ, ಕತ್ತರಿ ತಗೀರಿ! ಅದನ್ನ ಮುಟ್ಟಬ್ಯಾಡ್ರಿ!" ಮಂಚದಿಂದ ಆಕೆ ಕೂಗಿದಳು.

"ಹಳೇ ನೂಲು. ಇದರಾಗ ಒಂದು ಕರವಸ್ತ್ರನೂ ಆಗಂಗಿಲ್ಲ. ಹೆಂಗೂ ಬಿಸಾಡೂದ ಐತಿ."

"ಬಿಸಾಡೂದು ಅಂತ ಈಗ ಕತ್ತರಸ್ತಾರೇನು? ಅದಿಲ್ಲಂದ್ರ ಹೊಸಾ ನೂಲು ಯಾವುದರ ಕೈ ಹಿಡಕೊಂಡು ಹಣಿಗಿ ದಾಟತೈತಿ?"

ನಿಮಗೆ ಇದು ಗೊತ್ತಿರಲಿಕ್ಕಿಲ್ಲ, ಮೇಷ್ಟ್ರೇ. ನೇಕಾರರ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಹಳೆಯ ನೂಲು ಮುಗಿಯುತ್ತ ಬಂದಾಗ ಒಂದು ಮೊಳವನ್ನು ನೇಯದೆ ಹಣಿಗೆಯಲ್ಲೇ ಬಿಡುತ್ತಾರೆ. ಹೊಸ ನೂಲಿನ ಒಂದೊಂದು ತುದಿಯನ್ನೂ ಹಳೆಯದರ ಒಂದೊಂದು ತುದಿಗೆ ಹೊಸೆದು ಕೂಡಿಸುತ್ತಾರೆ. ಎಳೆಗಳು ಸಾವಿರಗಟ್ಟಲೆ. ಆಮೇಲೆ ಎಳೆದರೆ ಹಳೆಯದು ಮುಂದೆ ಹೋಗುತ್ತದೆ, ಹೊಸದು ಅದರ ಹಿಂದೆ ಹಣಿಗೆ ದಾಟಿ ಬರುತ್ತದೆ. ಅಷ್ಟಾದ ಮೇಲೆ ಹಳೆಯದನ್ನು ಕತ್ತರಿಸಿ ಬಿಸಾಡುತ್ತಾರೆ. ಬಿಸಾಡುವ ನೂಲೇ ಅದು, ಸಂಶಯವಿಲ್ಲ. ಆದರೆ ಅದರ ಕಡೆಯ ಕೆಲಸ ಒಂದು ಬಾಕಿ ಇರುತ್ತದೆ.

ಆಕೆ ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡಳು. ತನ್ನ ತೊಡೆಯನ್ನು ಕೈಯಿಂದ ಮುಟ್ಟಿ ನೋಡಿದಳು. ಅದು ಸೋತು ಮೆತ್ತಗಾಗಿತ್ತು. ಎರಡು ತಿಂಗಳಿಗೂ ಹೆಚ್ಚು ಅದನ್ನು ಮಂಚದ ಮೇಲೆ ಮಲಗಿಸಿಟ್ಟವಳು ತಾನೇ. ಮಂಡಿ ಹೋಗುವುದಾಗಿತ್ತು, ತೊಡೆ ಎಲ್ಲಿಗೂ ಹೋಗುವುದಿರಲಿಲ್ಲ. ಹೊಸ ಮಂಡಿಯ ಕೈ ಹಿಡಿದು ನಡೆಸಬೇಕಾದದ್ದು ಅದೇ.

"ನಂದು ನಾನ ಕತ್ತರಿಸಿಕೊಂಡೇನ್ರಿ," ಎಂದಳು. ಅವಳಿಗೆ ಅಳು ಬಂದುಬಿಟ್ಟಿತು.

ಗಂಡನಿಗೆ ಎಷ್ಟು ಅರ್ಥವಾಯಿತೋ ನನಗೆ ಗೊತ್ತಿಲ್ಲ. ಕತ್ತರಿ ಹಿಡಿದೇ ಕೇಳಿದ. "ನೂಲೆಲ್ಲಾ ಹಣಿಗಿಯಿಂದ ಜಾರಿ ಹೋದ್ರ ನೇಕಾರ ಏನ ಮಾಡ್ತಾನ?"

"ಒಂದೊಂದ ಎಳಿ ಮತ್ತ ಪೋಣಸ್ತಾನ. ಮತ್ತೇನ ಮಾಡ್ತಾನ?"

ಗಂಡ ಕತ್ತರಿಯನ್ನು ಗೂಡಿನಲ್ಲಿಟ್ಟು ಒಂದು ಸೀಮೆಸುಣ್ಣ ತೆಗೆದುಕೊಂಡು ಬಂದ.

ಅವಳನ್ನು ಮಂಚದ ಅಂಚಿಗೆ ಕೂರಿಸಿದ. ಹಿಮ್ಮಡಿಯನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಲು ಹೇಳಿದ. ಅದು ಎಲ್ಲಿಗೆ ನಿಂತಿತೋ ಅಲ್ಲಿ ಒಂದು ಗೆರೆ ಎಳೆದ. ಮಗ್ಗದಲ್ಲಿ ಕೂರಲು ಎಷ್ಟು ಬೇಕೋ ಅಲ್ಲಿ ಇನ್ನೊಂದು ಗೆರೆ. ನಡುವೆ ಒಂದು ಗೇಣು ಜಾಗ. ಹೆಣ್ಣುಮಕ್ಕಳಿಗೆ ಸೀರೆ ಉಡಿಸಿ, ಉಳಿದ ಅಂಟಿನುಂಡಿಯ ಡಬ್ಬಿ ಕೈಯಲ್ಲಿಟ್ಟು, ಅವರವರ ಊರಿಗೆ ಕಳಿಸಿದ. ಬುಟ್ಟಿಯ ಮಣ್ಣನ್ನು ದಾಸವಾಳದ ಗಿಡದ ಬುಡಕ್ಕೆ ಹಾಕಿದ.

ಬೆಳಿಗ್ಗೆ, ಸಂಜೆ ಅದೇ ಕೆಲಸ. ತೊಡೆ ಬಿಗಿಹಿಡಿಯುವುದು, ಕಾಲು ಎತ್ತುವುದು, ಹಿಮ್ಮಡಿ ಜಾರಿಸುವುದು, ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಕೂರುವುದು. ಗೆರೆ ಕೆಲವು ದಿನ ಒಂದು ಬೆರಳು ಸರಿಯಿತು, ಕೆಲವು ದಿನ ಒಂದು ನೂಲಿನಷ್ಟು. ಕೆಲವು ದಿನ ಸರಿಯಲೇ ಇಲ್ಲ. ಒಂದು ದಿನ ಹಿಂದಿನ ದಿನದ ಜಾಗವನ್ನೂ ಮುಟ್ಟಲಿಲ್ಲ. ಅವತ್ತು ಆಕೆ ವೈದ್ಯರನ್ನು ಬೈದಳು, ಗಂಡನನ್ನು ಬೈದಳು, ಸೀಮೆಸುಣ್ಣವನ್ನು ಬೈದಳು. ನೋಡಿಕೊಂಡು ಬರೋಣವೆಂದು ಅವತ್ತೇ ನಾನೂ ಹೋಗಿದ್ದೆ. ನನಗೂ ಒಂದು ಪಾಲು ಸಿಕ್ಕಿತು. ಮರುದಿನ ಮತ್ತೆ ಅಂಚಿಗೆ ಬಂದು ಕೂತಳಂತೆ.

ವಾಕರು ಹೋಗಿ ಕೋಲು ಬಂತು. ಕೋಲು ಹಿಡಿದು ಓಣಿಯ ತುದಿಯವರೆಗೆ ಹೋದಳು. ನಾಲ್ಕನೆಯ ತಿಂಗಳು ಹಿಮ್ಮಡಿ ಎರಡನೆಯ ಗೆರೆಯನ್ನು ಮುಟ್ಟಿತು.

ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬೇಡ, ಕುರ್ಚಿಯಲ್ಲಿ ಕೂತ ಹಾಗೆ ಕಾಲು ಇಳಿಬಿಟ್ಟು ಕೂರಬಹುದು ಎಂದು ವೈದ್ಯರು ಹೇಳಿದ್ದರು. ಗಂಡ ಗುಂಡಿಯ ಅಂಚಿಗೆ ಎತ್ತರದ ಮಣೆ ಹಾಕಿದ, ಹಿಡಿದು ಏಳಲು ಒಂದು ಗೂಟ ನೆಟ್ಟ. ಆಕೆ ಮೂರು ದಿನ ಕೂತು ಹೊಸ ನೂಲನ್ನು ಆ ಹಳೆಯ ಒಂದು ಮೊಳಕ್ಕೆ ಎಳೆ ಎಳೆಯಾಗಿ ಹೊಸೆದಳು. ನಾಲ್ಕನೆಯ ದಿನ ಬೆಳಿಗ್ಗೆ ಕಾಲು ಇಳಿಬಿಟ್ಟು, ತುಳಿಮಣೆಯ ಮೇಲೆ ಪಾದವಿಟ್ಟು ತುಳಿದಳು.

ನಾನು ಪೂಜೆಯಲ್ಲಿದ್ದೆ. ಸದ್ದು ಕೇಳಿಸಿತು. ಮಂತ್ರ ತಪ್ಪಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಮಂತ್ರ ತಪ್ಪಿದವನಲ್ಲ.

ಎರಡು ವರ್ಷದ ಮೇಲೆ ಎಡ ಮಂಡಿಯ ಸರದಿ ಬಂತು. ವೈದ್ಯರು ಐವತ್ತು ದಿನದಾಚೆಗೆ ದಿನ ಕೊಟ್ಟರು. ಬಸ್ಸಿನಿಂದ ಇಳಿದು ಮನೆಗೆ ಬಂದವಳು ಚೀಲ ಕೆಳಗಿಟ್ಟು, ಮಂಚದ ಅಂಚಿಗೆ ಕೂತು ಎಡಗಾಲು ಎತ್ತಿದಳು. ಐವತ್ತು ದಿನವೂ ಎತ್ತಿದಳು. ಹೆಣ್ಣುಮಕ್ಕಳು ಡಬ್ಬಿ ಹಿಡಿದು ಬಂದರು. ಉಂಡಿಯನ್ನು ಅವರಿಗೇ ತಿನ್ನಿಸಿದಳು. ಆಪರೇಷನ್ನಿನ ಮರುದಿನ ನರ್ಸು ಬಂದು ಬಾಯಿ ತೆರೆಯುವ ಮೊದಲೇ ಅವಳ ಹಿಮ್ಮಡಿ ಹಾಸಿಗೆಯಿಂದ ಮೇಲೆದ್ದಿತ್ತು. ನೋವು ಈ ಸಲವೂ ಇತ್ತು. ಆದರೆ ಎರಡನೆಯ ತಿಂಗಳು ತುಂಬುವ ಮೊದಲೇ ಮಗ್ಗದ ಸದ್ದು ಕೇಳಿತು.

ಮರುಳಯ್ಯನವರು ಕತೆ ನಿಲ್ಲಿಸಿ ಬಾಳೆಹಣ್ಣಿನ ಸಿಪ್ಪೆಯನ್ನು ದನಕ್ಕೆಂದು ಪಕ್ಕಕ್ಕಿಟ್ಟರು.

ಹಾಲಪ್ಪ ಮೇಷ್ಟ್ರು ಜೇಬಿನಿಂದ ಕಾಗದ ತೆಗೆದು ಬಿಡಿಸಿದರು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಅವರ ಮುಖ ಗೆಲುವಾಗಿತ್ತು.

"ತಿಳೀತು, ಬುದ್ಧಿ. ಇನ್ನೂ ಏಳು ವಾರ ಇದೆ. ಬರೋ ಸೋಮವಾರ ದಿನ ಚೆನ್ನಾಗಿದೆ. ಅವತ್ತಿಂದ ಶುರು ಮಾಡಿಬಿಡ್ತೀನಿ."

ಮರುಳಯ್ಯನವರು ಹೇಳಿದರು, "ಆ ಸೋಮವಾರವೂ ಒಂದು ಕತ್ತರಿಯೇ, ಮೇಷ್ಟ್ರೇ."

ಮೇಷ್ಟ್ರು ಕಾಗದವನ್ನು ತೊಡೆಯ ಪಕ್ಕಕ್ಕಿಟ್ಟು, ಕೂತಲ್ಲೇ ಬಲಗಾಲನ್ನು ನೆಟ್ಟಗೆ ಮೇಲೆತ್ತಿದರು.