ಕಲ್ಲಬಾನಿಯ ನೀರಿನಲ್ಲಿ ಮೂಡಿದ ಚಿತ್ರ

ಹೊಸಹೊಂಡದ ಮಠ ದೊಡ್ಡ ಮಠವೇನಲ್ಲ. ಮಣ್ಣಿನ ಮಾಳಿಗೆಯ ಎರಡು ಅಂಕಣ, ಹಿತ್ತಿಲಲ್ಲೊಂದು ಸೇದುವ ಬಾವಿ, ನಾಲ್ಕು ಬೇವಿನ ಮರ. ಅಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ನೆಲೆಸಿದ್ದ ಪೂಜ್ಯ ಶ್ರೀ ನಿಜಲಿಂಗಯ್ಯ ಅಜ್ಜನವರು ಪ್ರವಚನ ಹೇಳಿದವರಲ್ಲ, ಪವಾಡ ತೋರಿದವರೂ ಅಲ್ಲ. ಹಸಿದು ಬಂದವರಿಗೆ ರೊಟ್ಟಿ ಕೊಡುತ್ತಿದ್ದರು, ಕೇಳಿ ಬಂದವರಿಗೆ ಎರಡು ಮಾತು ಹೇಳುತ್ತಿದ್ದರು. ಅವರ ಪೂಜೆಯ ಬಗೆಯೊಂದು ಮಾತ್ರ ನಾನು ಬೇರೆಲ್ಲೂ ಕಂಡಿಲ್ಲ. ಶ್ರಾವಣದ ಪ್ರತಿ ಸೋಮವಾರ ಅವರು ನೀರಿನ ಮೇಲೆ ಚಿತ್ರ ಬರೆಯುತ್ತಿದ್ದರು.

ಮಠದ ಒಳ ಅಂಕಣದಲ್ಲಿ ಒಂದು ಕಲ್ಲಬಾನಿ ಇತ್ತು. ಹಿಂದೊಮ್ಮೆ ದನಗಳು ನೀರು ಕುಡಿಯುತ್ತಿದ್ದ ಬಾನಿ ಅದು, ಎರಡು ಮೊಳ ಅಗಲ, ನಾಲ್ಕು ಮೊಳ ಉದ್ದ. ಭಾನುವಾರ ಸಂಜೆಯೇ ಅದನ್ನು ತೊಳೆದು, ಬಾವಿಯ ನೀರು ತುಂಬಿ, ಧೋತರ ಹೊದಿಸಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ನೀರು ಕದಲದೆ ನಿಂತಿರುತ್ತಿತ್ತು. ತೆಂಗಿನ ಚಿಪ್ಪಿನ ಇದ್ದಿಲನ್ನು ನುಣ್ಣಗೆ ಅರೆದು ತೆಳುವಾದ ಅರಿವೆಯಲ್ಲಿ ಗಂಟು ಕಟ್ಟಿ, ಅದನ್ನು ನೀರಿನ ಮೇಲೆ ಹಿಡಿದು ಅಜ್ಜನವರು ಬೆರಳು ಅಲುಗಿಸುತ್ತಿದ್ದರು. ಪುಡಿ ಉದುರಿ ನೀರಿನ ಮೇಲೆ ಕಪ್ಪು ಹಾಸು ಆಗುತ್ತಿತ್ತು. ಆ ಹಾಸಿನ ಮೇಲೆ ಬಣ್ಣದ ಪುಡಿಗಂಟುಗಳಿಂದ ಚಿತ್ರ. ಗಂಟನ್ನು ಜೋರಾಗಿ ಅಲುಗಿಸಿದರೆ ಪುಡಿ ಹೆಂಟೆಯಾಗಿ ಬಿದ್ದು ಮುಳುಗುತ್ತದೆ, ಅಲುಗಿಸದಿದ್ದರೆ ಉದುರುವುದೇ ಇಲ್ಲ. ಶಿಷ್ಯರು ಎಷ್ಟೋ ಜನ ಕಲಿಯಲು ಹೋಗಿ ಬಾನಿಯ ತಳಕ್ಕೆ ಬಣ್ಣ ಉಣಿಸಿದ್ದೇ ಬಂತು.

ದೇವರ ಚಿತ್ರ ಬರೆಯಿರಿ ಎಂದು ಭಕ್ತರು ಕೇಳಿದರೆ ಅಜ್ಜನವರು ನಕ್ಕುಬಿಡುತ್ತಿದ್ದರು. ಯಾರ ಉಪಕಾರ ನೆನಪಾಯಿತೋ ಆ ಸೋಮವಾರ ಅವರದೇ ಚಿತ್ರ. ಒಂದು ವಾರ ಬಾವಿಯ ಹಗ್ಗ ಓಡುವ ಗಡಗಡೆ, ಒಂದು ವಾರ ರೊಟ್ಟಿ ಬಡಿಯುವ ಫಕೀರವ್ವ. ಎಲ್ಲರೂ ನೋಡಿ ಕೈಮುಗಿದ ಮೇಲೆ ನೀರನ್ನು ಕೈಯಿಂದ ಕದಡಿ ಬೇವಿನ ಬುಡಕ್ಕೆ ಹೊಯ್ಯುತ್ತಿದ್ದರು. ಚಿತ್ರವನ್ನು ಉಳಿಸಿಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ.

ಒಂದು ವರ್ಷ ಶ್ರಾವಣದ ಎರಡನೆಯ ಸೋಮವಾರದ ಹಿಂದಿನ ದಿನ ಸಂಜೆ ಗಂಡ ಹೆಂಡತಿ ಇಬ್ಬರು ಬಸ್ಸಿಳಿದು ಮಠಕ್ಕೆ ಬಂದರು. ಗಂಡ ಮೌನೇಶಪ್ಪ ಪತ್ತಾರ, ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅವರು ಬರೆದ ಅರಮನೆ ಪರದೆ ಇಳಿದರೆ ಪಾತ್ರಧಾರಿ ಬರುವ ಮೊದಲೇ ಚಪ್ಪಾಳೆ ಬೀಳುತ್ತಿತ್ತಂತೆ. ಅಂಥವರ ಬಲಗೈ ಎಂಟು ತಿಂಗಳಿಂದ ನಡುಗತೊಡಗಿತ್ತು. ಔಷಧ, ಲೇಪ, ಕೊರಳಿಗೆ ಕಟ್ಟುವ ಅಂತ್ರ ಎಲ್ಲ ಮುಗಿದಿದ್ದವು. ಒಂದು ನೇರ ಗೆರೆ ಎಳೆಯಲಾಗದ ಮೇಲೆ ತಾನಿದ್ದೇನು ಪ್ರಯೋಜನ ಎಂದು ಅವರು ಮನೆ ಬಿಟ್ಟು ಹೊರಬರುವುದನ್ನೇ ನಿಲ್ಲಿಸಿದ್ದರು. ಊಟಕ್ಕೆ ಕೂತರೆ ತುತ್ತು ಕಲಸಿ ಕೊಡುವವರು, ಅಂಗಿಯ ಗುಂಡಿ ಹಾಕುವವರು ಹೆಂಡತಿ ಇಂದ್ರವ್ವ. ಮಠಕ್ಕೆ ಎಳೆದು ತಂದವರೂ ಆಕೆಯೇ. ಈ ಪ್ರಸಂಗವನ್ನು ನನಗೆ ಹೇಳಿದವರೂ ಆ ಪುಣ್ಯಾತಗಿತ್ತಿಯೇ.

ಮೌನೇಶಪ್ಪನವರಿಗೆ ಮಠ, ಸ್ವಾಮಿ ಎಂದರೆ ಅಷ್ಟಕ್ಕಷ್ಟೆ. ರಂಗದ ಮೇಲೆ ಇಂದ್ರಲೋಕ ಇಳಿಸುವ ಹಗ್ಗ ಎಲ್ಲಿರುತ್ತದೆಂದು ಬಲ್ಲವರು ಅವರು.

"ನೀರಿನ ಮ್ಯಾಲ ಚಿತ್ರ ನಿಂದ್ರತಾವೇನು? ಒಳಗ ಗಾಜು ಇಟ್ಟಿರ್ತಾರ," ಎಂದರು ಹೆಂಡತಿಗೆ.

"ಇಟ್ಟಿರ್ಲಿ ಬಿಡ್ರಿ. ನೀವು ಸುಮ್ಮನ ಕೈ ಮುಗೀರಿ," ಎಂದರು ಇಂದ್ರವ್ವ.

ಸೋಮವಾರ ಬೆಳಿಗ್ಗೆ ಅಜ್ಜನವರು ಬರೆದದ್ದು ಒಂದು ಮುದಿ ಎತ್ತಿನ ಚಿತ್ರ. ಹದಿನಾರು ವರ್ಷ ಭಿಕ್ಷೆಯ ಜೋಳದ ಚಕ್ಕಡಿ ಎಳೆದ ಆ ಎತ್ತು ಹಿಂದಿನ ತಿಂಗಳು ತೀರಿಕೊಂಡಿತ್ತು. ಅದರ ಸೋತ ಕಣ್ಣು, ನೊಗ ತಾಗಿ ಒರಟಾದ ಹೆಗಲು ನೀರಿನ ಮೇಲೆ ಇದ್ದ ಹಾಗೇ ಮೂಡಿದ್ದವು. ಚಿತ್ರ ಮುಗಿಸಿ ಅಜ್ಜನವರು ಹೊರಗೆ ಕಾಯುತ್ತಿದ್ದ ಭಕ್ತರನ್ನು ಕರೆಯಲು ಬಾಗಿಲಿಗೆ ಹೋದರು. ಅಷ್ಟರಲ್ಲಿ, ರಾತ್ರಿ ಮಠದಲ್ಲೇ ಉಳಿದು ಬೆಳಿಗ್ಗೆಯಿಂದ ಒಳಗಿನ ಮೂಲೆಯಲ್ಲಿ ನಿಂತಿದ್ದ ಮೌನೇಶಪ್ಪನವರು ಮುಂದೆ ಬಂದು, ಗಾಜು ಇದೆಯೋ ಇಲ್ಲವೋ ನೋಡೇಬಿಡೋಣವೆಂದು ಬಾನಿಯ ಅಂಚಿನಲ್ಲಿ ತೋರುಬೆರಳು ಅದ್ದಿದರು.

ಗಾಜು ಇರಲಿಲ್ಲ. ಬೆರಳು ತಾಗಿದ ಜಾಗದಿಂದ ಬಣ್ಣವೆಲ್ಲ ಹೆದರಿದ ಕೋಳಿಮರಿಗಳಂತೆ ದಿಕ್ಕುಪಾಲಾಗಿ ಓಡಿತು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎತ್ತಿಲ್ಲ, ನಡುವೆ ಬರೀ ನೀರು, ಪುಡಿಯೆಲ್ಲ ಬಾನಿಯ ಅಂಚಿಗೆ.

ಒಳಗೆ ಬಂದ ಭಕ್ತರು ಕೂಗಾಡಿದರು. ಫಕೀರವ್ವನಂತೂ "ನಿನ್ನ ಕೈ ಸೇದಿಹೋಗ್ಲಿ" ಎಂದುಬಿಟ್ಟಳು. ಆ ಕೈ ಮೊದಲೇ ಸೇದಿ ಶಕ್ತಿಗುಂದಿದಂತಿತ್ತು. ಮೌನೇಶಪ್ಪನವರು ತಲೆ ತಗ್ಗಿಸಿ, ನಡುಗುವ ಕೈಯನ್ನು ಹೆಗಲ ವಲ್ಲಿಯೊಳಗೆ ಬಚ್ಚಿಟ್ಟುಕೊಂಡರು.

ಅಜ್ಜನವರು ಎಲ್ಲರನ್ನೂ ಸುಮ್ಮನಿರಿಸಿ ಹತ್ತಿರ ಬಂದರು. ವಲ್ಲಿಯೊಳಗಿನ ಕೈಯನ್ನು ಮೆಲ್ಲಗೆ ಹೊರಗೆಳೆದು ಬೆರಳಿನ ತುದಿಯನ್ನು ಮೂಸಿ ನೋಡಿದರು.

"ಅಗಸಿ ಎಣ್ಣಿ. ಕುಂಚಕ್ಕ ಹಚ್ಚೋದು. ಏನಪಾ, ಚಿತ್ರದ ಕೆಲಸ ಮಾಡ್ತಿಯೇನು?"

"ಮಾಡ್ತಿದ್ದೆರಿ ಅಜ್ಜಾರ. ಬಿಟ್ಟು ಎಂಟು ತಿಂಗಳಾತು."

"ಬಿಟ್ಟಾಂವನ ಬೆರಳಿಗೆ ಇವತ್ತಿನ ಎಣ್ಣಿ ಹೆಂಗ ಬಂತು?"

ಇಂದ್ರವ್ವ ಹೇಳಿದರು, "ದಿನಾ ಮುಂಜಾನೆ ಕುಂಚಕ್ಕ ಎಣ್ಣಿ ಸವರ್ತಾರ್ರೀ ಅಜ್ಜಾರ. ಕೂದಲು ಬಿರುಸಾಗಬಾರ್ದಂತ. ಇಲ್ಲಿಗೆ ಬರೋವಾಗೂ ಚೀಲದಾಗ ಇಟ್ಕೊಂಡು ಬಂದಾರ." ಹೇಳುತ್ತಾ ಆಕೆಗೆ ಅಳು ತಡೆಯಲಿಲ್ಲ.

ಎಣ್ಣೆ ತಾಗಿದ ನೀರಿನ ಮೇಲೆ ಪುಡಿ ನಿಲ್ಲುವುದಿಲ್ಲ. ಅಜ್ಜನವರು ಆ ನೀರನ್ನೆಲ್ಲ ಚೆಲ್ಲಿಸಿ, ಬಾನಿಯನ್ನು ಸೀಗೆಪುಡಿ ಹಾಕಿ ಉಜ್ಜಿಸಿದರು. ಹೊಸ ನೀರು ತುಂಬಿಸಿದರು. ಅದೇ ಸೀಗೆಪುಡಿಯಿಂದ ಮೌನೇಶಪ್ಪನವರ ಕೈಯನ್ನು ತಾವೇ ತಿಕ್ಕಿ ತೊಳೆದರು. ಪೂಜ್ಯರು ತನ್ನ ಕೈ ತೊಳೆಯುವುದೇ ಎಂದು ಅವರು ಹಿಂಜರಿದರೂ ಅಜ್ಜನವರು ಹಿಡಿದ ಕೈ ಬಿಡಲಿಲ್ಲ. ಮಧ್ಯಾಹ್ನದ ಪ್ರಸಾದ ಮುಗಿಯುವ ಹೊತ್ತಿಗೆ ನೀರು ನಿಂತಿತ್ತು.

ಆಗ ಅಜ್ಜನವರು ಇದ್ದಿಲ ಪುಡಿಯ ಗಂಟನ್ನು ತೆಗೆದು ಮೌನೇಶಪ್ಪನವರ ಬಲಗೈಗೆ ಕೊಟ್ಟರು.

"ಅಜ್ಜಾರ, ಈ ಕೈ ಬ್ಯಾಡ್ರಿ. ನಡಗತೈತ್ರಿ," ಎಂದರು ಅವರು, ಬೇಡಿಕೊಳ್ಳುವ ದನಿಯಲ್ಲಿ.

ಅಜ್ಜನವರು ಹೇಳಿದ್ದು ಇಷ್ಟೇ: "ಈ ಕೆಲಸಕ್ಕ ನಡಗೋ ಕೈನ ಬೇಕು. ನನ್ನ ಬೆರಳಿಗೆ ನಡಗೂದು ಕಲಸಾಕ ನಲವತ್ತು ವರ್ಷ ಹಿಡೀತು. ನಿನಗ ಶಿವ ಕುಂತಲ್ಲೇ ಕೊಟ್ಟಾನ. ಹಿಡಿ."

ಮೌನೇಶಪ್ಪನವರು ಗಂಟನ್ನು ನೀರಿನ ಮೇಲೆ ಹಿಡಿದರು. ಕೈ ತನ್ನ ಪಾಡಿಗೆ ತಾನು ನಡುಗಿತು. ಪುಡಿ ಒಂದೇ ಹದದಲ್ಲಿ, ಒಂದು ಹೆಂಟೆಯೂ ಬೀಳದೆ ಉದುರಿತು. ಕಪ್ಪು ಹಾಸು ಅಂಚಿನಿಂದ ಅಂಚಿಗೆ ಹರಡಿಕೊಂಡಿತು. ಇಪ್ಪತ್ತು ಮೊಳದ ಪರದೆಗಳನ್ನು ಬರೆದ ತೋಳು ಅದು, ಭುಜದಿಂದಲೇ ತಿರುಗುವುದು ಅದಕ್ಕೆ ರೂಢಿ. ಗೆರೆ ಎಲ್ಲಿಗೆ ಹೋಗಬೇಕೆಂಬುದನ್ನು ತೋಳು ನೋಡಿಕೊಂಡಿತು, ಪುಡಿ ಉದುರಿಸುವುದನ್ನು ಬೆರಳು ನೋಡಿಕೊಂಡಿತು.

"ಯಾರನ್ನ ಬರೀಲ್ರೀ?" ಎಂದು ಕೇಳಿದರು. ಅವರ ದನಿ ಆಗಲೇ ಬೇರೆಯಾಗಿತ್ತು.

"ಯಾರ ಉಪಕಾರ ನೆನಪಾಗತೈತೋ ಅವರನ್ನ."

ಎತ್ತನ್ನೇ ಮತ್ತೆ ಬರೆದಾರು, ಇಲ್ಲವೇ ಅಜ್ಜನವರನ್ನು ಬರೆದಾರು ಎಂದು ಜನ ಅಂದುಕೊಂಡರು. ಮೌನೇಶಪ್ಪನವರು ಅರಿಸಿನ ಬಣ್ಣದ ಗಂಟು ತೆಗೆದುಕೊಂಡರು. ಮೊದಲು ಒಂದು ಸೆರಗಿನ ಅಂಚು ಬಂತು, ಆಮೇಲೆ ಅಗಲವಾದ ಹಣೆ, ದೊಡ್ಡ ಕುಂಕುಮ, ಸ್ವಲ್ಪ ದಪ್ಪನೆಯ ಮೂಗು, ನಿದ್ದೆಗೆಟ್ಟ ಎರಡು ಕಣ್ಣು. ಮೂವತ್ತು ವರ್ಷದಲ್ಲಿ ನೂರಾರು ರಾಣಿಯರನ್ನೂ ಅಪ್ಸರೆಯರನ್ನೂ ಬರೆದಿದ್ದ ಆ ಕೈ, ಅವರಿಗೆಲ್ಲ ಬಣ್ಣ ಅರೆದು ಕೊಟ್ಟವಳನ್ನು ಅಂದೇ ಮೊದಲ ಸಲ ಬರೆಯಿತು.

ಇಂದ್ರವ್ವ ಬಾನಿಯ ಬಳಿ ಬಂದು ಬಗ್ಗಿ ನೋಡಿದರು. "ನನ್ನ ಮೂಗು ಇಷ್ಟು ದಪ್ಪ ಐತೇನ್ರೀ?" ಎಂದರು. ಎಲ್ಲರೂ ನಕ್ಕರು. ಆಕೆಯೂ ನಕ್ಕರು, ಅಳುತ್ತಲೂ ಇದ್ದರು. ಕಣ್ಣೀರು ನೀರಿಗೆ ಬಿದ್ದೀತೆಂದು ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡಿದ್ದರು.

ಹೊತ್ತು ಇಳಿಯತೊಡಗಿತು. ನೀರು ಕದಡುವ ಸಮಯ. ಮೌನೇಶಪ್ಪನವರು ಅಜ್ಜನವರ ಪಾದ ಹಿಡಿದು, "ಒಂದು ರಾತ್ರಿ ಇರ್ಲಿ ಅಜ್ಜಾರ, ಇದೊಂದು ಇರ್ಲಿ," ಎಂದು ಅಂಗಲಾಚಿದರು. ಅಜ್ಜನವರು ಇಂದ್ರವ್ವನ ಕಡೆ ನೋಡಿದರು. ಆಕೆ ಬಳೆ ಹಿಂದೆ ಸರಿಸಿ, ತಮ್ಮ ಮುಖದೊಳಗೆ ತಾವೇ ಕೈಯಿಟ್ಟು ನೀರು ಕದಡಿದರು.

"ಮುಖ ಇಲ್ಲೇ ಐತೆಲ್ರೀ. ಏಳ್ರಿ, ಗಿಡಕ್ಕ ನೀರು ಹಾಕೂಣು," ಎಂದರು.

ಗಂಡ ಹೆಂಡತಿ ಇಬ್ಬರೂ ಕೊಡ ಹಿಡಿದು ನಾಲ್ಕು ಬೇವಿನ ಬುಡಕ್ಕೂ ಆ ನೀರನ್ನು ಹೊಯ್ದರು. ಮೌನೇಶಪ್ಪನವರ ಕೊಡದಿಂದ ಅರ್ಧ ನೀರು ದಾರಿಯಲ್ಲೇ ತುಳುಕಿತು. ಅದನ್ನು ನೋಡಿ ಅವರಿಗೆ ನಾಚಿಕೆಯಾಗಲಿಲ್ಲ.

ಅಲ್ಲಿಂದ ಮುಂದೆ ಹನ್ನೊಂದು ವರ್ಷ, ಶ್ರಾವಣದ ಒಂದು ಸೋಮವಾರವೂ ತಪ್ಪದೆ ಮೌನೇಶಪ್ಪನವರು ಹೊಸಹೊಂಡಕ್ಕೆ ಬಂದರು. ಪೂಜ್ಯರು ಲಿಂಗೈಕ್ಯರಾದ ಮೇಲೂ ಕಲ್ಲಬಾನಿಯ ಸೇವೆ ನಿಲ್ಲಲಿಲ್ಲ. ನಮ್ಮಂಥವರ ಕಣ್ಣಿಗೆ ಆ ಚಿತ್ರಗಳು ಬಿದ್ದದ್ದು ಅಜ್ಜನವರ ಕೃಪೆ, ಬೇರೇನೂ ಅಲ್ಲ. ಕೈ ಮಾತ್ರ ವಾಸಿಯಾಗಲಿಲ್ಲ, ಕೊನೆಕೊನೆಗೆ ಎಡಗೈಯೂ ನಡುಗುತ್ತಿತ್ತು. ಒಮ್ಮೆ ನಾನು ನನ್ನ ಹುಂಬತನದಲ್ಲಿ, "ಅಜ್ಜಾರು ನಿಮ್ಮ ಕೈಯೊಂದು ನೆಟ್ಟಗ ಮಾಡಿದ್ರ ಚಲೋ ಇತ್ತಲ್ರೀ?" ಎಂದು ಕೇಳಿಬಿಟ್ಟೆ.

ಮೌನೇಶಪ್ಪನವರು ಎದುರಿಗೆ ಕೂತು ತುತ್ತು ಕಲಸುತ್ತಿದ್ದ ಇಂದ್ರವ್ವನನ್ನು ನೋಡಿ ನಕ್ಕರು.

"ನೆಟ್ಟಗಾಗಿದ್ರ ಮರುದಿನಾನ ಪರದೆ ಬರಿಯಾಕ ಓಡಿ ಹೋಗಿರ್ತಿದ್ದೆ. ಈಕಿ ಮುಖ ಯಾವಾಗ ನೋಡ್ತಿದ್ದೆ?"